ಕ್ಯಾಂಟೀನ್ ಊಟ ಮತ್ತು ತಲೆಸುತ್ತು

ಕೋವಿಡ್ ಕಳೆದು ಕಾರ್ಖಾನೆಗಳು ಮತ್ತೆ ಪೂರ್ಣ ಪಾಳಿಗೆ ಮರಳಿದ್ದ ಕಾಲ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ತಯಾರಿಸುವ ಘಟಕವೊಂದರಲ್ಲಿ ನಾನು ವೈದ್ಯಾಧಿಕಾರಿಯಾಗಿದ್ದೆ. ಆ ಬೇಸಿಗೆ ಕಾರ್ಮಿಕರು ಒಬ್ಬೊಬ್ಬರಾಗಿ ತಲೆನೋವು, ತಲೆಸುತ್ತು, ವಾಕರಿಕೆ ಎಂದು ಬರತೊಡಗಿದರು. ಒಂದು ಮಧ್ಯಾಹ್ನ ರಾಯಚೂರು ಕಡೆಯ ಬಸವರಾಜ ಕೆಲಸ ಮಾಡುತ್ತಲೇ ಕುಸಿದುಬಿದ್ದ. ಸ್ವಲ್ಪದರಲ್ಲಿ ಅವನ ಕೈ ಯಂತ್ರಕ್ಕೆ ಸಿಕ್ಕದೆ ಉಳಿಯಿತು.

ಮರುದಿನವೇ ಎಚ್‌ಆರ್ ಮ್ಯಾನೇಜರ್ ಲ್ಯಾಪ್‌ಟಾಪ್ ಹಿಡಿದು ಬಂದರು.

"ಡೇಟಾ ಕ್ಲಿಯರ್ ಆಗಿದೆ ಮೇಡಂ. ಹುಷಾರಿಲ್ಲದೋರು ಹೆಚ್ಚಾಗಿ ಕ್ಯಾಂಟೀನಲ್ಲಿ ಊಟ ಮಾಡೋರೇ. ಮನೆ ಡಬ್ಬಿಯೋರು ಆರಾಮಾಗಿದಾರೆ. ಕ್ಯಾಂಟೀನ್ ಮುಚ್ಚಿಬಿಡೋಣ."

ಸುದ್ದಿ ತಿಳಿದು ಅಡುಗೆಯ ಶಾರದಮ್ಮ ಅಳುತ್ತಾ ಬಂದರು. "ಅದೇ ಅನ್ನ, ಅದೇ ಸಾರು ನಾನೂ ತಿಂತೀನಲ್ಲ ಮೇಡಂ, ನಂಗ್ಯಾಕೆ ಏನೂ ಆಗಿಲ್ಲ?" ಒಬ್ಬರ ಆರೋಗ್ಯದಿಂದ ಏನೂ ಸಾಬೀತಾಗದು. ಆದರೂ ಮ್ಯಾನೇಜರ್ ಬಳಿ ಒಂದು ವಾರ ಕಾಲಾವಕಾಶ ಕೇಳಿದೆ.

ಬಸವರಾಜನನ್ನು ಕರೆಸಿ, ತಲೆಸುತ್ತು ಯಾವಾಗ ಶುರುವಾಗುತ್ತದೆ ಎಂದು ವಿಚಾರಿಸಿದೆ.

"ಊಟಕ್ಕಿಂತ ಮುಂಚೇನ ಗಿರ್ ಅಂತೈತ್ರಿ. ಬೆಳಗ್ಗೆ ರೂಮಿನ್ಯಾಗ ಏನೂ ಇರೂದಿಲ್ರಿ."

ಕ್ಯಾಂಟೀನಿನಲ್ಲಿ ಉಣ್ಣುವವರು ಯಾರು ಎಂದು ನೋಡಿದೆ. ಹೆಚ್ಚಿನವರು ಬಸವರಾಜನಂತೆ ಬಾಗಲಗುಂಟೆಯ ಬಾಡಿಗೆ ಕೋಣೆಗಳಲ್ಲಿದ್ದ ಹೊಸಬರು; ಡಬ್ಬಿ ಕಟ್ಟಿಕೊಡುವವರಿಲ್ಲ. ಹೊಸಬರನ್ನು ಹಾಕುತ್ತಿದ್ದದ್ದು ವಾಷಿಂಗ್ ಸೆಕ್ಷನ್‌ಗೆ. ಬಿಡಿಭಾಗಗಳ ಜಿಡ್ಡನ್ನು ಸಾಲ್ವೆಂಟ್ ಎಂಬ ರಾಸಾಯನಿಕದಿಂದ ತೊಳೆಯುವ ಜಾಗ ಅದು. ಹಳಬರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಲು ಒಪ್ಪುತ್ತಿರಲಿಲ್ಲ.

ಆಮೇಲೆ ಒಂದೊಂದು ಸೆಕ್ಷನ್ ಅನ್ನೂ ಬೇರೆಯಾಗಿ ಲೆಕ್ಕ ಹಾಕಿದೆ. ವಾಷಿಂಗ್‌ನಲ್ಲಿ ಡಬ್ಬಿ ತರುತ್ತಿದ್ದ ಕೆಲವರಿಗೂ ಅದೇ ತಲೆಸುತ್ತು. ಬಿಡಿಭಾಗ ಜೋಡಿಸುವ ಅಸೆಂಬ್ಲಿ ಸೆಕ್ಷನ್‌ನಲ್ಲಿ ಕ್ಯಾಂಟೀನ್ ಊಟ ಮಾಡುವವರಿಗೂ ತೊಂದರೆಯಿಲ್ಲ. ಊಟಕ್ಕೂ ಕಾಯಿಲೆಗೂ ಕಂಡದ್ದು ಸಹಸಂಬಂಧ ಮಾತ್ರ, ಅಂದರೆ ಎರಡೂ ಜೊತೆಯಾಗಿ ಕಾಣಿಸುತ್ತಿದ್ದವು ಅಷ್ಟೆ. ಕಾರಣ ಬೇರೆಲ್ಲೋ ಇತ್ತು.

ವಾಷಿಂಗ್ ಸೆಕ್ಷನ್‌ಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೇ ನನ್ನ ತಲೆಯೂ ಭಾರವಾಯಿತು. ಎಕ್ಸಾಸ್ಟ್ ಫ್ಯಾನ್ ಕೆಟ್ಟು ನಿಂತಿತ್ತು. ಗಾಳಿಯನ್ನು ಪರೀಕ್ಷೆ ಮಾಡಿಸಿದಾಗ ಸಾಲ್ವೆಂಟ್ ಆವಿ ಮಿತಿ ಮೀರಿರುವುದು ಖಚಿತವಾಯಿತು.

ಮ್ಯಾನೇಜರ್ ವರದಿಯನ್ನು ಕೊನೆಯವರೆಗೂ ಓದಿದರು. ಆಮೇಲೆ, "ಇವತ್ತೇ ಆ ಸೆಕ್ಷನ್ ನಿಲ್ಲಿಸ್ತೀನಿ ಮೇಡಂ" ಎಂದರು.

ಹೊಸ ಫ್ಯಾನ್ ಬಂದು, ಗಾಳಿಯನ್ನು ಮತ್ತೆ ಪರೀಕ್ಷಿಸಿದ ಮೇಲೆಯೇ ಕೆಲಸ ಶುರುವಾಯಿತು. ತಲೆಸುತ್ತೆಂದು ಬರುವವರು ಕಡಿಮೆಯಾಗುತ್ತಾ ಬಂದು ನಿಂತೇಹೋದರು.

ಎರಡು ಸಂಗತಿಗಳು ಜೊತೆಯಾಗಿ ಕಂಡರೆ, ಎರಡರ ಹಿಂದೆಯೂ ಮೂರನೆಯದೊಂದು ಇರಬಹುದೇ ಎಂದು ಹುಡುಕುವುದನ್ನು ಈ ವೃತ್ತಿ ನನಗೆ ಕಲಿಸಿತು. ಅಂದು ಕ್ಯಾಂಟೀನ್ ಮುಚ್ಚಿದ್ದರೆ ಶಾರದಮ್ಮನ ಕೆಲಸ ಹೋಗುತ್ತಿತ್ತು. ಹುಡುಗರು ಖಾಲಿ ಹೊಟ್ಟೆಯಲ್ಲಿ ಅದೇ ಗಾಳಿ ಉಸಿರಾಡುತ್ತಿದ್ದರು.