ಊರು ಸದ್ದಾಂ ಎಂದು ಕರೆದ ಹುಸೇನ್

ಮೊಳಕಾಲ್ಮೂರಿನಿಂದ ರಾಯದುರ್ಗಕ್ಕೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಹಮ್ಮದ್ ಹುಸೇನ್ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಹುಟ್ಟಿದ್ದು ಚಳ್ಳಕೆರೆಯಲ್ಲಿ. ಅವನ ಅಪ್ಪ ಅಲ್ಲಿನ ಎಣ್ಣೆ ಮಿಲ್ಲೊಂದರಲ್ಲಿ ಬಾಯ್ಲರಿಗೆ ಶೇಂಗಾ ಸಿಪ್ಪೆ ತುಂಬುತ್ತಿದ್ದವನು. ಹುಸೇನ್ ಲಾರಿ ಬಾಡಿ ಕಟ್ಟುವ ಕಡೆ ಕೆಲಸ ಕಲಿತು, ಮೊಳಕಾಲ್ಮೂರಿನ ಮದರ್ ಬೀಯನ್ನು ಮದುವೆಯಾದ ಮೇಲೆ ಹೆಂಡತಿಯ ಊರಿಗೇ ಬಂದು ಶೆಡ್ಡು ಹಾಕಿಕೊಂಡ. ಚೌಕಾಕಾರದ ಮುಖ, ದಪ್ಪ ಕಪ್ಪು ಮೀಸೆ, ಅಗಲ ಭುಜ. ದೂರದಿಂದ ನೋಡಿದವರಿಗೆ ಜಗಳಗಂಟನ ಹಾಗೆ ಕಾಣುತ್ತಿದ್ದ. ಹತ್ತಿರ ಹೋದರೆ, ಯಾರು ಏನಂದರೂ ನಗುವ ಗಂಡಸು.

ಅವನಿಗೊಬ್ಬ ತಮ್ಮನಿದ್ದ, ಜುಲ್ಫಿಕರ್. ಕುವೈತಿನಲ್ಲಿ ಲಾರಿ ಓಡಿಸುತ್ತಿದ್ದ. ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಸೈನಿಕರು ಅವನ ಲಾರಿ ಕಿತ್ತುಕೊಂಡರು. ಕೇಳಲು ಹೋದವನ ಕಿವಿಗೆ ಬಂದೂಕಿನ ಹಿಂಭಾಗದಿಂದ ಹೊಡೆದರು. ಮರುಭೂಮಿ ದಾಟಿ, ಜೋರ್ಡಾನಿನ ಡೇರೆಗಳಲ್ಲಿ ಬಿದ್ದಿದ್ದು, ಸರ್ಕಾರದ ವಿಮಾನದಲ್ಲಿ ಬೊಂಬಾಯಿಗೆ ಬಂದಿಳಿದಾಗ ಅವನ ಕಿವಿಯಿಂದ ಕೀವು ಸೋರುತ್ತಿತ್ತು. ನಂಜು ತಲೆಗೇರಿ ಮುಂದಿನ ಬೇಸಿಗೆಗೆ ಮೊದಲೇ ಚಳ್ಳಕೆರೆಯಲ್ಲಿ ಸತ್ತ. ಮಣ್ಣು ಕೊಡುವಾಗ ಹುಸೇನನ ಪಕ್ಕದಲ್ಲಿ ನಿಂತಿದ್ದವನು ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದ ರೈತ ಉಗ್ರಪ್ಪ. ನೇಗಿಲು, ಕುಂಟೆ, ಟ್ರಾಕ್ಟರಿನ ಟ್ರೈಲರು ಏನು ಮುರಿದರೂ ಹುಸೇನನ ಹತ್ತಿರವೇ ತರುತ್ತಿದ್ದ ಉಗ್ರಪ್ಪ, ಕೆಲಸವಿಲ್ಲದ ದಿನವೂ ಬಂದು ಶೆಡ್ಡಿನ ಹಳೆ ಟೈರಿನ ಮೇಲೆ ಕೂತು ಹೋಗುತ್ತಿದ್ದ.

ಅದೇ ಚಳಿಗಾಲದಲ್ಲಿ, ತಮ್ಮ ಇನ್ನೂ ಬದುಕಿದ್ದು ರೇಡಿಯೋದಲ್ಲಿ ಗಲ್ಫ್ ಯುದ್ಧದ ಸುದ್ದಿ ಬರುತ್ತಿದ್ದಾಗ, ಎರಡು ಲಾರಿಗಳ ಮಾಲೀಕ ಎರ್ರಿಸ್ವಾಮಿ ಒಂದು ದಿನ ಶೆಡ್ಡಿಗೆ ಬಂದ. ಹುಸೇನನ ಹೆಸರು, ಮೀಸೆ ಎರಡೂ ಇರಾಕಿನ ಅಧ್ಯಕ್ಷನ ಹಾಗಿರುವುದನ್ನು ನೋಡಿ, "ಏಮಿರಾ ಸದ್ದಾಂ, ನನ್ನ ಲಾರಿ ಚಾಸಿ ರೆಡಿ ಆಯ್ತಾ?" ಅಂದ. ಜೊತೆಗಿದ್ದವರು ಹೊಟ್ಟೆ ಹಿಡಿದು ನಕ್ಕರು. ತಮ್ಮ ಉಳಿಯುವುದು ಕಷ್ಟ ಎಂಬ ಸುದ್ದಿ ಆವತ್ತೇ ಚಳ್ಳಕೆರೆಯಿಂದ ಬಂದಿತ್ತು. ಆದರೂ ಹುಸೇನ್ ನಕ್ಕ. ಗಿರಾಕಿ ನಗುವಾಗ ಮೆಕ್ಯಾನಿಕ್ಕು ಮುಖ ಗಂಟು ಹಾಕಿಕೊಂಡರೆ ಅಂಗಡಿ ನಡೆಯುವುದಿಲ್ಲ. ಆವತ್ತಿನಿಂದ ಊರಿಗೆ ಅವನು ಸದ್ದಾಂ. ಉಗ್ರಪ್ಪ ಒಬ್ಬನೇ "ಹುಸೇನಣ್ಣ" ಅನ್ನುತ್ತಿದ್ದದ್ದು.

ಹನ್ನೆರಡು ವರ್ಷ ಆ ಹೆಸರು ಬರೀ ಹೆಸರಾಗಿತ್ತು. ಎರಡು ಸಾವಿರದ ಮೂರರ ಮಾರ್ಚಿನಲ್ಲಿ ಅಮೆರಿಕ ಇರಾಕಿನ ಮೇಲೆ ಬಾಂಬು ಹಾಕಿದ ದಿನದಿಂದ ಅದಕ್ಕೆ ಹಲ್ಲು ಬಂದವು.

ಬಸ್ ಸ್ಟ್ಯಾಂಡ್ ಎದುರಿನ ಅನ್ನಪೂರ್ಣಮ್ಮನ ಹೋಟೆಲಿನಲ್ಲಿ ಟಿವಿ ಇತ್ತು. ಅದರ ಕೆಳಗೆ ಎರಡು ಬೆಂಚು. ಒಂದರಲ್ಲಿ ಎರ್ರಿಸ್ವಾಮಿ ಮತ್ತು ಅವನ ಕಡೆಯವರು. ಇನ್ನೊಂದರಲ್ಲಿ ನೇಕಾರರ ಸಂಘದಲ್ಲಿ ಬಹಳ ಕಾಲ ಮುಖಂಡನಾಗಿದ್ದ ಸೂರಪ್ಪ ಮತ್ತು ಅವನ ಕಡೆಯವರು. ಪಂಚಾಯ್ತಿ ಚುನಾವಣೆಯಲ್ಲಿ ಎರ್ರಿಸ್ವಾಮಿ ಸೂರಪ್ಪನನ್ನು ಸೋಲಿಸಿದ್ದ. ಅಂದಿನಿಂದ ಮಳೆ ಬರುತ್ತದೆಂದು ಒಬ್ಬ ಹೇಳಿದರೆ ಇನ್ನೊಬ್ಬ ಬರುವುದಿಲ್ಲ ಅನ್ನುತ್ತಿದ್ದ. ಈಗ ಅವರಿಗೆ ಇರಾಕು ಸಿಕ್ಕಿತು.

"ಅವನತ್ರ ವಿಷದ ಬಾಂಬ್ ಐತೆ. ಅವನು ಹಾಕೋಕೆ ಮುಂಚೆ ಅಮೆರಿಕದೋರು ಹಾಕಿದ್ರು. ಹಾವು ಕಚ್ಚಲಿ ಅಂತ ಕಾಯ್ಕಂಡು ಕುಂತ್ಕತಾರೇನ್ರಿ?" ಅಂದ ಎರ್ರಿಸ್ವಾಮಿ.

"ಐತೆ ಅಂತ ಯಾರು ಕಂಡವರು? ಮೊದಲು ತೋರಿಸಲಿ. ತೋರಿಸದೇ ಮಂದಿ ಮನೆ ಮೇಲೆ ಬೆಂಕಿ ಸುರಿಯೋದು ರೌಡಿಸಂ," ಅಂದ ಸೂರಪ್ಪ.

"ಭಯ ಇದ್ದೋನು ಮೊದಲು ಹೊಡೀತಾನೆ. ಅದು ತಪ್ಪಲ್ಲ."

"ಭಯ ಅನ್ನೋದು ನೆಪ ಕಣಯ್ಯ. ಏನೂ ಮಾಡದೋನಿಗೆ ಹೊಡೆದು ಆಮೇಲೆ ಭಯ ಆಯ್ತು ಅಂದ್ರೆ ಯಾರು ಒಪ್ತಾರೆ?"

ಆ ಹೊತ್ತಿಗೆ ಚಹಾ ಕುಡಿಯಲು ಬಂದ ಹುಸೇನನನ್ನು ಎರ್ರಿಸ್ವಾಮಿ ತಡೆದ. "ಬಾರಲೇ ಸದ್ದಾಂ, ನಿನ್ನನ್ನೇ ಕೇಳಾನ. ನಿನ್ನ ಮೇಲೆ ಬಾಂಬ್ ಹಾಕಿದ್ದು ಸರಿಯೋ ತಪ್ಪೋ?"

ಹುಸೇನ್ ಎಂದೂ ಬಾಯಿ ಬಿಡದಿದ್ದವನು ಆವತ್ತು ಬಾಯಿಬಿಟ್ಟ. "ನನ್ನ ತಮ್ಮ ಅವನ ಸೈನ್ಯದವರ ಏಟಿಗೇ ಸತ್ತಿದ್ದು. ಅವನು ಸತ್ರೆ ನಾನು ಮನೇಲಿ ಪಾಯಸ ಮಾಡಿಸ್ತೀನಿ," ಅಂದ.

ಎರ್ರಿಸ್ವಾಮಿ ಎದ್ದು ಕುಣಿದ. "ಕೇಳಿದ್ರಾ! ಅವರವನೇ ಒಪ್ಪಿಕಂಡ!"

ಹುಸೇನನ ಮಾತು ಇನ್ನೂ ಮುಗಿದಿರಲಿಲ್ಲ. "ಆದ್ರೆ ಅವನು ಎಲ್ಲೋ ಅಡಗಿ ಕುಂತವ್ನೆ. ಸಾಯ್ತಿರೋದು ಅಂಗಡಿ ಇಟ್ಕಂಡಿರೋರು, ಲಾರಿ ಹೊಡೆಯೋರು. ಇದು ಸರಿ ಅಂತ ನಾನು ಹೆಂಗೆ ಹೇಳಲಿ?"

ಎರಡೂ ಬೆಂಚಿನವರ ಮುಖ ಕೆಟ್ಟಿತು. "ಕೊನೆಗೆ ಜಾತಿ ಬುದ್ಧಿ ತೋರಿಸ್ದ ನೋಡು," ಅಂದ ಎರ್ರಿಸ್ವಾಮಿ. ಸೂರಪ್ಪನಿಗೆ ಪಾಯಸದ ಮಾತೇ ಸಿಟ್ಟು ತಂದಿತ್ತು. "ನಿನ್ನಂಥೋರಿಂದಲೇ ಯುದ್ಧ ಬ್ಯಾಡ ಅನ್ನೋ ಹೋರಾಟ ಹಾಳಾಗೋದು. ತಮ್ಮನ ಕಥೆ ಮನೇಲಿಟ್ಕ," ಅಂದ. ಹುಸೇನ್ ಅರ್ಧ ಚಹಾ ಬಿಟ್ಟು ಎದ್ದುಹೋದ.

ತಿಂಗಳುಗಳು ಕಳೆದವು. ಇರಾಕಿನಲ್ಲಿ ಬಾಂಬು ಸಿಗಲಿಲ್ಲ. ಸೂರಪ್ಪ ದಿನಾ ಬೆಳಿಗ್ಗೆ ಪೇಪರು ಬಿಚ್ಚಿ, "ಎಲ್ಲೈತಪ್ಪ ಎರ್ರಿಸ್ವಾಮಿ ನಿನ್ನ ಬಾಂಬು? ಇವತ್ತೂ ಸಿಕ್ಕಿಲ್ಲವಂತೆ," ಎಂದು ಕೇಳುವುದನ್ನೇ ಉಪಾಹಾರ ಮಾಡಿಕೊಂಡ. ಒಂದು ದಿನ ಎರ್ರಿಸ್ವಾಮಿಗೆ ತಡೆಯಲಾಗಲಿಲ್ಲ. "ಅಲ್ಲಿ ಯಾಕೆ ಹುಡುಕ್ತೀಯ, ನಮ್ಮ ಸದ್ದಾಂ ಶೆಡ್ಡಲ್ಲೈತೆ. ಬರ್ರಿ, ಚೆಕಿಂಗ್ ಮಾಡಾನ!" ಎಂದು ಎದ್ದ. ಅರ್ಧ ಹೋಟೆಲು ಅವನ ಹಿಂದೆ ಹೊರಟಿತು. ಸೂರಪ್ಪನ ಕಡೆಯವರೂ ತಮಾಷೆ ನೋಡಲು ಹೋದರು.

ಶೆಡ್ಡಿನ ಪೆಟ್ಟಿಗೆಗಳನ್ನು ಮಗುಚಿದರು. ರಾಡುಗಳ ಕಟ್ಟು ಬಿಚ್ಚಿ ರಸ್ತೆಗೆ ಎಸೆದರು. ಹುಸೇನ್ ಮೊದಮೊದಲು ನಗುತ್ತ, "ನೋಡ್ರಿ, ನೋಡ್ರಿ," ಅನ್ನುತ್ತಿದ್ದ. ಮೂಲೆಯಲ್ಲಿ ಕಾರ್ಬೈಡಿನ ಡ್ರಮ್ಮಿತ್ತು. ಅದರೊಳಗಿನ ಕಲ್ಲಿಗೆ ನೀರು ಸೋಕಿದರೆ ಗ್ಯಾಸು ಏಳುತ್ತದೆ. ಅವನ ವೆಲ್ಡಿಂಗಿನ ಬೆಂಕಿ ಹುಟ್ಟುವುದು ಅದರಿಂದಲೇ. ಎರ್ರಿಸ್ವಾಮಿಯ ಡ್ರೈವರನೊಬ್ಬ ಮುಚ್ಚಳ ಕಿತ್ತು, "ಇದೇ ನೋಡ್ರಿ ಬಾಂಬು," ಎಂದು ಒಂದು ಚೊಂಬು ನೀರು ಸುರಿದ. "ಬ್ಯಾಡ! ಬೀಡಿ ಬಿಸಾಕು!" ಎಂದು ಹುಸೇನ್ ಓಡಿದ. ಡ್ರೈವರನ ತುಟಿಯಲ್ಲಿ ಬೀಡಿ ಉರಿಯುತ್ತಿತ್ತು.

ಭುಗ್ಗೆಂದು ಎದ್ದ ಬೆಂಕಿಗೆ ಡ್ರೈವರನ ಬಲಗೈ ಮೊಣಕೈವರೆಗೆ ಸುಲಿದುಹೋಯಿತು. ಹುಸೇನನೇ ಅವನ ಮೇಲೆ ಗೋಣಿಚೀಲ ಹೊದಿಸಿ ಆರಿಸಿದ. ಮಾರನೇ ದಿನ ಊರಿನ ಹಿರಿಯರು ಸೇರಿದರು. ತಪ್ಪು ಹುಸೇನನದು ಎಂದು ತೀರ್ಮಾನವಾಯಿತು. ಅಂಥ ವಸ್ತುವನ್ನು ಊರೊಳಗೆ ಇಟ್ಟುಕೊಂಡದ್ದೇ ತಪ್ಪು. ಹುಸೇನ್ ಸುಟ್ಟ ಕೈಯವನ ಎದುರು ಕೈಮುಗಿದು ನಿಂತು ಕ್ಷಮೆ ಕೇಳಿದ. ಎರ್ರಿಸ್ವಾಮಿ ಸೂರಪ್ಪನ ಕಡೆ ತಿರುಗಿ, "ಈಗ ಹೇಳು, ಬಾಂಬ್ ಇತ್ತೋ ಇಲ್ವೋ?" ಅಂದ. ಜನ ನಕ್ಕರು. ಸೂರಪ್ಪ ಎರಡು ವಾರ ಕಳೆದು ಒಂದು ಸಭೆ ಮಾಡಿ, ಹುಸೇನನನ್ನು ವೇದಿಕೆಗೆ ಹತ್ತಿಸಿ, "ಯುದ್ಧಕೋರರ ಅನ್ಯಾಯಕ್ಕೆ ಇಲ್ಲಿ ನಿಂತಿದ್ದಾನೆ ನೋಡಿ ಸಾಕ್ಷಿ," ಎಂದು ಭಾಷಣ ಮಾಡಿದ. ಮಾತಾಡಲು ಹುಸೇನನಿಗೆ ಮೈಕು ಕೊಡಲಿಲ್ಲ. ಸಭೆ ಮುಗಿದ ಮೇಲೆ ಅವನೊಬ್ಬನೇ ನಡೆದು ಮನೆಗೆ ಬಂದ.

"ಚಳ್ಳಕೆರೆಗೆ ಹೋಗಿಬಿಡಾನ ಜೀ," ಅಂದಳು ಮದರ್ ಬೀ.

"ಅಲ್ಲಿ ಟಿವಿ ಇಲ್ವಾ?" ಅಂದ ಹುಸೇನ್.

ಡಿಸೆಂಬರಿನಲ್ಲಿ ಇರಾಕಿನ ಸದ್ದಾಂ ನೆಲದೊಳಗಿನ ಒಂದು ಗುಂಡಿಯಲ್ಲಿ ಸಿಕ್ಕಿಬಿದ್ದ. ಗಡ್ಡ ಬೆಳೆದ ಮುದುಕನ ಬಾಯಿ ತೆರೆಸಿ, ಬೆಳಕು ಬಿಟ್ಟು, ಕೂದಲು ಕೆದಕಿ ನೋಡುವ ದೃಶ್ಯವನ್ನು ಟಿವಿ ಮತ್ತೆ ಮತ್ತೆ ತೋರಿಸಿತು. ಮರುದಿನ ಬೆಳಿಗ್ಗೆ ಹುಸೇನ್ ಬೀಡಿ ಕೊಳ್ಳಲು ಬಸ್ ಸ್ಟ್ಯಾಂಡಿಗೆ ಬಂದಾಗ ನಾಲ್ಕು ಜನ ಅವನ ರಟ್ಟೆ ಹಿಡಿದು ಹೋಟೆಲಿನ ಬೆಂಚಿನ ಮೇಲೆ ಕೂರಿಸಿದರು.

"ಸಿಕ್ಕಬಿಟ್ಟ ಕಣ್ರೋ! ಗುಂಡಿಯಿಂದ ತೆಗೆದ್ವಿ!"

ಹಾಡುಹಗಲಲ್ಲಿ ಯಾರೋ ಬ್ಯಾಟರಿ ತಂದರು. ಎರ್ರಿಸ್ವಾಮಿ ಟಿವಿಯ ಡಾಕ್ಟರನ ಹಾಗೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡ. ಚಹಾ ಕಲಕುವ ಚಮಚ ಹಿಡಿದು, "ಬಾಯಿ ತೆಗಿಯಲೇ," ಅಂದ.

ಹುಸೇನನಿಗೆ ಆಗ ನಲವತ್ತೆಂಟು ವರ್ಷ. ಕಬ್ಬಿಣ ಬಗ್ಗಿಸುವ ಕೈ ಅವನದು. ಕೊಡವಿದ್ದರೆ ನಾಲ್ವರೂ ಬೀಳುತ್ತಿದ್ದರು. ಅವನು ಬಾಯಿ ತೆರೆದ. ತೆರೆದರೆ ಬೇಗ ಮುಗಿಯುತ್ತದೆ ಅಂದುಕೊಂಡ. ಚಮಚ ನಾಲಗೆಯನ್ನು ಒತ್ತಿತು. ಬ್ಯಾಟರಿಯ ಬೆಳಕು ಗಂಟಲಿಗೆ ಬಿತ್ತು. ಇನ್ನೊಬ್ಬ ತಲೆಕೂದಲಿನಲ್ಲಿ ಹೇನು ಹುಡುಕಿ, "ಇಲ್ಲೂ ಇಲ್ಲ ಬಾಂಬು," ಅಂದ. ಬಸ್ಸಿಗೆ ಕಾಯುತ್ತಿದ್ದವರು ಬಂದು ಸುತ್ತ ನಿಂತರು. ಅನ್ನಪೂರ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗಂಟಲಿಗೆ ಚಮಚ ತಾಗಿ ಹುಸೇನ್ ಓಕರಿಸಿ ಅಂಗಿಯ ಮೇಲೆ ವಾಂತಿ ಮಾಡಿಕೊಂಡಾಗ ನಗು ಇನ್ನೂ ಜೋರಾಯಿತು.

ಗುಂಪಿನಾಚೆ, ಗಂಡಸರ ಅಂಗಿಗಳ ಸಂದಿನಲ್ಲಿ, ಕಾಲೇಜಿಗೆ ಹೊರಟಿದ್ದ ಅವನ ಮಗಳು ತಬಸ್ಸುಮ್ ಇದನ್ನೆಲ್ಲ ನೋಡಿದಳು. ಆ ದಿನದಿಂದ ಅವಳು ಕಾಲೇಜಿಗೆ ಹೋಗಲಿಲ್ಲ. ಅಪ್ಪನ ಜೊತೆ ಮಾತನ್ನೂ ಬಿಟ್ಟಳು.

ಅಷ್ಟೂ ಹೊತ್ತು ಹೋಟೆಲಿನಲ್ಲೇ ಪೇಪರಿನ ಹಿಂದೆ ಮುಖವಿಟ್ಟುಕೊಂಡು ಕೂತಿದ್ದ ಸೂರಪ್ಪ ಸಂಜೆ ಶೆಡ್ಡಿಗೆ ಬಂದ. "ಎರ್ರಿಸ್ವಾಮಿ ಮೇಲೆ ಕಂಪ್ಲೇಂಟ್ ಕೊಡು. ನಾನು ಹಿಂದಿರ್ತೀನಿ," ಅಂದ.

"ನೀವು ಅಲ್ಲೇ ಇದ್ರಲ್ಲ," ಅಂದ ಹುಸೇನ್.

"ನನಗೆ ಪಾಠ ಹೇಳ್ತೀಯಾ? ನಿನ್ನಂಥ ಹೇಡಿಗೆ ಹಂಗೇ ಆಗ್ಬೇಕು," ಎಂದು ಸೂರಪ್ಪ ಹೊರಟುಹೋದ.

ಆಮೇಲೆ ಹುಸೇನ್ ಮೊದಲಿನ ಹಾಗಿರಲಿಲ್ಲ. ಹಿಂದೆ ಯಾರಾದರೂ ನಡೆದರೆ ಬೆಚ್ಚುತ್ತಿದ್ದ. ಸೈಕಲ್ಲಿನ ಬೆಲ್ಲಿಗೆ ತಿರುಗಿ ನಿಲ್ಲುತ್ತಿದ್ದ. ಕೆಲಸ ಮಾಡುವಾಗ ಜಾಕಿನ ರಾಡನ್ನು ಕೈಗೆಟುಕುವ ಹಾಗೆ ಇಟ್ಟುಕೊಳ್ಳುತ್ತಿದ್ದ. ಯಾಕೆ ಎಂದು ಮದರ್ ಬೀ ಕೇಳಿದರೆ, "ಇರಲಿ," ಅನ್ನುತ್ತಿದ್ದ.

ಸುದ್ದಿ ಸಿದ್ದಾಪುರದ ಉಗ್ರಪ್ಪನಿಗೆ ಮುಟ್ಟಿದ್ದು ತಡವಾಗಿ. ಶೇಂಗಾ ಒಕ್ಕಣೆಯಲ್ಲಿದ್ದ. ಸಂಕ್ರಾಂತಿ ಕಳೆದ ಮೇಲೆ ಹೆಂಡತಿ ಕರಿಯಕ್ಕ ಕಟ್ಟಿಕೊಟ್ಟ ಎಳ್ಳುಂಡೆಯ ಗಂಟು ಹಿಡಿದು ಮೊಳಕಾಲ್ಮೂರಿಗೆ ಬಂದ. ಹುಸೇನ್ ಕಪ್ಪು ಕನ್ನಡಕ ಹಾಕಿಕೊಂಡು ರಸ್ತೆಗೆ ಬೆನ್ನು ಮಾಡಿ ವೆಲ್ಡಿಂಗ್ ಮಾಡುತ್ತಿದ್ದ. ಗ್ಯಾಸಿನ ಸದ್ದಿಗೆ ಉಗ್ರಪ್ಪ ಕರೆದದ್ದು ಕೇಳಿಸಲಿಲ್ಲ. ಉಗ್ರಪ್ಪ ಒಳಗೆ ಬಂದು ಅವನ ಭುಜದ ಮೇಲೆ ಕೈಯಿಟ್ಟ.

ಹುಸೇನ್ ತಿರುಗಿ ನೋಡಲಿಲ್ಲ. ರಾಡು ಎತ್ತಿ ಬೀಸಿದ.

ಏಟು ಎಡಗಣ್ಣಿನ ಮೇಲೆ ಬಿತ್ತು. ಮನುಷ್ಯ ಕೆಳಗೆ ಬಿದ್ದ ಮೇಲೂ ಹುಸೇನ್ ಇನ್ನೊಂದು ಸಲ ಹೊಡೆದ, ಅದು ದವಡೆಗೆ. ಆಮೇಲೆ ಕನ್ನಡಕ ತೆಗೆದ. ನೆಲದ ಮೇಲೆ ಎಳ್ಳುಂಡೆಗಳು ಉರುಳಿದ್ದವು.

ಹುಸೇನ್ ಅವನನ್ನು ತೋಳಿನಲ್ಲಿ ಎತ್ತಿಕೊಂಡು ರಸ್ತೆಗೆ ಓಡಿದ. ಚಳ್ಳಕೆರೆಗೆ, ಅಲ್ಲಿಂದ ದಾವಣಗೆರೆಗೆ. ದಾರಿಯುದ್ದಕ್ಕೂ, "ನಾನು ನೋಡಲಿಲ್ಲ ಉಗ್ರಪ್ಪ, ನೋಡಲಿಲ್ಲ," ಅನ್ನುತ್ತಿದ್ದ. ಡಾಕ್ಟರು ಕಣ್ಣು ತೆಗೆದುಹಾಕಿದರು. ದವಡೆ ಕೂಡಿತು; ಮಾತು ತೊದಲಾಗಿಯೇ ಉಳಿಯಿತು.

ಹೋಟೆಲಿನಲ್ಲಿ ಅದೇ ಎರಡು ಬೆಂಚು.

"ಏನೂ ಮಾಡದೋನಿಗೆ ಹೊಡೆಯೋದಾ? ಯಾರು, ಎತ್ತ, ಕೈಯಲ್ಲಿ ಏನೈತೆ ಅಂತ ಮೊದಲು ನೋಡಬಾರದಾ? ಭಯ ಆಯ್ತು ಅಂದ್ರೆ ಮುಗೀತಾ?" ಅಂದ ಎರ್ರಿಸ್ವಾಮಿ, ಮೇಜು ಕುಟ್ಟಿ.

"ಅವನು ಎಷ್ಟು ಅನುಭವಿಸಿದ್ದ ಪಾಪ. ಯಾವನೋ ಬಂದ ಅನ್ನಿಸ್ತು, ಮುಂಚೆನೇ ಹೊಡೆದ. ಅವನ ಜಾಗದಲ್ಲಿ ಯಾರಿದ್ರೂ ಅದೇ ಮಾಡ್ತಿದ್ರು," ಅಂದ ಸೂರಪ್ಪ, ಅಷ್ಟೇ ಗಟ್ಟಿಯಾಗಿ.

ಒಂದು ವಾರ ಇದೇ ನಡೆಯಿತು. ಎರಡೂ ಕಡೆಯವರಲ್ಲಿ ಒಬ್ಬರೂ ಉಗ್ರಪ್ಪನನ್ನು ನೋಡಲು ದಾವಣಗೆರೆಗೆ ಹೋಗಲಿಲ್ಲ.

ಕೇಸು ಕೋರ್ಟಿಗೆ ಹೋಯಿತು. ಕೈ ತಪ್ಪಿ ತಗುಲಿತು ಎಂದು ಉಗ್ರಪ್ಪ ಒಂದು ಮಾತು ಹೇಳಿದರೆ ಹುಸೇನ್ ಬಿಡುಗಡೆಯಾಗಬಹುದು ಎಂದು ವಕೀಲರು ಅಂದರು. ಮದರ್ ಬೀ ಸಿದ್ದಾಪುರಕ್ಕೆ ಹೋಗಿ ಕರಿಯಕ್ಕನ ಕಾಲು ಹಿಡಿದಳು. ಕರಿಯಕ್ಕ ಕಾಲು ಹಿಂದಕ್ಕೆಳೆದುಕೊಂಡಳು. "ನಿನ್ನ ಗಂಡನ ಮಾನ ಊರೋರು ತೆಗೆದ್ರು, ನಿಜ. ನನ್ನ ಗಂಡ ಏನು ತೆಗೆದಿದ್ದ?" ಎಂದು ಕೇಳಿ ಬಾಗಿಲು ಹಾಕಿಕೊಂಡಳು.

ಕಟಕಟೆಯಲ್ಲಿ ನಿಂತ ಉಗ್ರಪ್ಪ ಹುಸೇನನನ್ನು ಒಂದೇ ಕಣ್ಣಿನಿಂದ ನೋಡಿದ. "ಹೊಡೆದೋನು ಇವನೇ. ಬಿದ್ದ ಮೇಲೂ ಹೊಡೆದ," ಎಂದು ತೊದಲಿದ. ಜಡ್ಜು ಕೇಳಿದಾಗ ಹುಸೇನ್, "ಹೌದು ಸಾಮಿ," ಅಂದ. ಎರಡು ವರ್ಷ ಶಿಕ್ಷೆಯಾಯಿತು.

ಹುಸೇನ್ ಜೈಲಿನಿಂದ ಹೊರಬರುವಷ್ಟರಲ್ಲಿ ಶೆಡ್ಡಿರಲಿಲ್ಲ. ತಬಸ್ಸುಮಳನ್ನು ಚಳ್ಳಕೆರೆಯ ಒಬ್ಬ ಮುದಿ ವಿಧುರನಿಗೆ ಕೊಟ್ಟಾಗಿತ್ತು. ಜೈಲಿಗೆ ಹೋದವನ ಮಗಳಿಗೆ ಬೇರೆ ಗಂಡು ಸಿಕ್ಕಿರಲಿಲ್ಲ. ಹುಸೇನನೂ ಚಳ್ಳಕೆರೆಗೆ ಬಂದು, ಯಾರದೋ ಬಾಡಿ ಕಟ್ಟುವ ಜಾಗದಲ್ಲಿ ತುಕ್ಕು ಉಜ್ಜುವ ಕೆಲಸಕ್ಕೆ ಸೇರಿದ. ವೆಲ್ಡಿಂಗಿನ ಬೆಂಕಿಯನ್ನು ಮತ್ತೆ ಮುಟ್ಟಲಿಲ್ಲ.

ಒಂದು ಸಲ ಮಾತ್ರ ಸಿದ್ದಾಪುರಕ್ಕೆ ಹೋದ. ಉಗ್ರಪ್ಪ ಮನೆಮುಂದಿನ ಬಂಡೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹೋಗು ಅನ್ನಲಿಲ್ಲ, ಕೂರು ಅಂತಲೂ ಅನ್ನಲಿಲ್ಲ. ಹುಸೇನ್ ಬಿಸಿಲಲ್ಲೇ ನಿಂತಿದ್ದ. ಹಗ್ಗದಿಂದ ಕಣ್ಣೆತ್ತದೆ ಉಗ್ರಪ್ಪ ಕೇಳಿದ:

"ನಾನು ಅಂತ ಗೊತ್ತಿದ್ರೆ ಹೊಡೀತಿದ್ಯಾ?"

"ಇಲ್ಲ."

"ಎರ್ರಿಸ್ವಾಮಿ ಅಂತ ಗೊತ್ತಿದ್ರೆ?"

ಹುಸೇನ್ ತಲೆ ತಗ್ಗಿಸಿದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಅವನು ಅಂತ ಗೊತ್ತಿದ್ರೆ ಕೈ ಏಳ್ತಿರಲಿಲ್ಲ ಉಗ್ರಪ್ಪ. ಬಾಯಿ ತೆಗಿ ಅಂದಿದ್ರೆ ಇನ್ನೊಂದು ಸಲ ತೆಗೀತಿದ್ದೆ."

ಉಗ್ರಪ್ಪ ಹಗ್ಗವನ್ನು ಪಕ್ಕಕ್ಕಿಟ್ಟ. ಗೋಡೆ ತಡವಿಕೊಂಡು ಎದ್ದು ಒಳಗೆ ಹೋದ. ಮತ್ತೆ ಬರಬಹುದೆಂದು ಹುಸೇನ್ ಕಾದ. ಕುರಿಗಳು ಮನೆಗೆ ಬಂದವು. ಕರಿಯಕ್ಕ ಹೊರಬಂದು, ಅವನ ಕಡೆ ನೋಡದೆ, ಕುರಿಗಳನ್ನು ಒಳಗೆ ಕೂಡಿ ಬಾಗಿಲೆಳೆದುಕೊಂಡಳು. ಹುಸೇನ್ ಕೊನೆಯ ಬಸ್ಸಿಗೆ ರಸ್ತೆಯ ಕಡೆ ನಡೆದ.