ಗುರುವಾರದ ಹೊಗೆ

ನನ್ನ ಸೌದೆ ಡಿಪೋಗೆ ಬರುವ ಗಿರಾಕಿಗಳಲ್ಲಿ ಎರಡು ಜಾತಿ. ಲೋಡು ನೋಡಿ ಹಣ ಕೊಡುವವರು ಮೊದಲನೆಯವರು. ಎರಡು ತುಂಡು ಎತ್ತಿಕೊಂಡು, ಒಂದಕ್ಕೊಂದು ಬಡಿದು, ಕಿವಿಗೊಟ್ಟು ಕೇಳಿ, ಆಮೇಲೆ ಬೆಲೆಯ ಮಾತಿಗೆ ಬರುವವರು ಎರಡನೆಯವರು. ನಮ್ಮ ಕಾಡಿನ ಲೆಂಗಾ ಮರ ಒಣಗಿದ್ದರೆ ಠಣ್ ಎನ್ನುತ್ತದೆ, ಹಸಿಯದು ದಬ್ ಎನ್ನುತ್ತದೆ. ಮೊದಲನೆಯ ಜಾತಿಯವರಿಂದ ನನ್ನ ಸಂಸಾರ ನಡೆಯಿತು. ಎರಡನೆಯ ಜಾತಿಯಲ್ಲಿ ನಮ್ಮೂರಿಗೆಲ್ಲ ಒಬ್ಬಳೇ ಇದ್ದಳು, ಹೊಲಿಗೆಯ ಒರ್ಫೆಲಿನಾ ಮಾನ್ಸಿಲ್ಯಾ.

"ದೋನ್ ನೆಮೆಸಿಯೊ, ಇದು ಸೌದೆಯೋ ಕಬ್ಬೋ? ಹಿಂಡಿದ್ರೆ ಒಂದು ಲೋಟ ಬರತ್ತೆ."

"ಮಳೆ ಬಿತ್ತಲ್ಲ ದೋನ್ಯಾ, ಮೇಲ್ಗಡೆ ಒಂಚೂರು ನೆಂದಿದೆ."

"ಮಳೆ ಮರದ ಒಳಗೇ ಬಿತ್ತಾ?"

ದೋನ್, ದೋನ್ಯಾ ಎಂಬ ಮರ್ಯಾದೆ ಬಿಡದೆ ಹನ್ನೊಂದು ಚಳಿಗಾಲ ಹೀಗೇ ನಡೆಯಿತು. ಹನ್ನೊಂದರಲ್ಲೂ ಆಕೆಯೇ ಗೆದ್ದಳು. ಒಣಗಿದ್ದನ್ನೇ ಆರಿಸಿ ಒಯ್ದಳು.

ಐವತ್ತನಾಲ್ಕರ ಹೆಂಗಸು, ಮದುವೆಯಾದವಳಲ್ಲ. ಕೊಯಾಯ್ಕೆ ಪಟ್ಟಣದಿಂದ ದಕ್ಷಿಣಕ್ಕೆ ಮೂರು ಗಂಟೆ ದಾರಿಯ ನಮ್ಮೂರಿನಲ್ಲಿ, ಹೆದ್ದಾರಿಗೆ ಮುಖ ಮಾಡಿದ ಎರಡು ಕೋಣೆಯ ಹಲಗೆ ಮನೆಯನ್ನು ಹೊಲಿಗೆಯ ದುಡ್ಡಿನಲ್ಲೇ ಕೊಂಡಿದ್ದಳು. ರಸ್ತೆ ಕೆಲಸದವರ ಹರಿದ ಪ್ಯಾಂಟು, ಕುರಿಯ ಉಣ್ಣೆ ಕತ್ತರಿಸುವವರ ಜಾಕೀಟು ಎಲ್ಲ ಆಕೆಯ ಮಿಷನ್ನಿನಡಿ ಹೋಗಿಬರುತ್ತಿದ್ದವು. ಮನೆ ಮಾತ್ರ ಜಾಲರಿಯಂತಿತ್ತು. ಹಲಗೆಯ ಸಂದಿಗೆ ಅಂಟಿಸಿದ ಹಳೆಯ ಪತ್ರಿಕೆ ಗಾಳಿ ಬಂದಾಗ ಉಸಿರಾಡುತ್ತಿತ್ತು. ಒಲೆಯ ಸುತ್ತ ಮೂರು ಹೆಜ್ಜೆ ಬೇಸಿಗೆ, ನಾಲ್ಕನೆಯ ಹೆಜ್ಜೆಯಿಂದ ನಡುಚಳಿಯ ಜುಲೈ. ಹಿಂದಿನ ಕೋಣೆಯಲ್ಲಿ ಬೆಳಗ್ಗೆ ಲೋಟದ ನೀರಿನ ಮೇಲೆ ಐಸು ಕಟ್ಟಿರುತ್ತಿತ್ತು. ಆಕೆ ಮಲಗುತ್ತಿದ್ದದ್ದು ಒಲೆಯ ಪಕ್ಕದ ಬೆಂಚಿನ ಮೇಲೆ. ಒಂದು ಚಳಿಗಾಲಕ್ಕೆ ಹದಿನಾಲ್ಕು ಘನ ಮೀಟರ್ ಸೌದೆ ಸುಡುತ್ತಿದ್ದಳು, ಮೀಟರಿಗೆ ನಲವತ್ತು ಸಾವಿರ ಪೆಸೊ. ಬಡಿದು ನೋಡಿ ಕೊಂಡರೂ ಆಕೆ ನನ್ನ ದೊಡ್ಡ ಗಿರಾಕಿಯೇ.

ಗುರುವಾರ ಮಧ್ಯಾಹ್ನ ಮೂರಕ್ಕೆ ಆಕೆಯ ಗೇಟಿನ ಮುಂದೆ ಒಂದು ಲಾರಿ ನಿಲ್ಲುತ್ತಿತ್ತು. ಸರೋವರದ ಕಡೆಯ ಹಳ್ಳಿಗಳಿಗೆ ಸಿಮೆಂಟು, ಹಿಟ್ಟು ಹೊತ್ತೊಯ್ಯುವ ಲಿಸಾಂದ್ರೊ ಒಯಾರ್ಸೊನ ಲಾರಿ. ಅವನೂ ಒಂಟಿ, ಅರವತ್ತರ ಹತ್ತಿರದವನು. ಹಳ್ಳಿಯವರ ಬಟ್ಟೆಯ ಗಂಟು ಕೊಟ್ಟು, ಹೊಲಿದಿಟ್ಟದ್ದನ್ನು ತೆಗೆದುಕೊಂಡು, ಒಲೆಯ ಮುಂದೆ ಕೂತು ಮಾಟೆ ಕುಡಿದು ಹೋಗುತ್ತಿದ್ದ. ಸೋರೆ ಬುರುಡೆಗೆ ಎಲೆ ತುಂಬಿ ಬಿಸಿನೀರು ಹೊಯ್ದು ಆಕೆ ಕೊಡುವುದು, ಅವನು ಕೊಳವೆಯಲ್ಲಿ ಹೀರಿ ವಾಪಸು ಕೊಡುವುದು, ಆಕೆ ತನಗೊಂದು ತುಂಬಿಕೊಳ್ಳುವುದು, ಮತ್ತೆ ಅವನಿಗೆ. ನಮ್ಮಲ್ಲಿ ಬುರುಡೆ ವಾಪಸು ಕೊಡುವಾಗ ಸುಮ್ಮನೆ ಕೊಟ್ಟರೆ ಇನ್ನೊಂದು ಬರಲಿ ಎಂದರ್ಥ. "ಥ್ಯಾಂಕ್ಸ್" ಎಂದರೆ ಸಾಕು, ನಾನು ಹೊರಟೆ ಎಂದು. ಲಿಸಾಂದ್ರೊ ಎಂಟನೆಯ ಬುರುಡೆಗೆ ಮುಂಚೆ ಆ ಮಾತು ಎತ್ತಿದವನಲ್ಲ. ಚಳಿ ಅಷ್ಟಿತ್ತು.

ಒಂದು ಗುರುವಾರ ಸೌದೆ ಇಳಿಸಲು ಹೋಗಿದ್ದ ನಾನೂ ಅಲ್ಲಿದ್ದೆ. ಲಿಸಾಂದ್ರೊ ಏಳುತ್ತ, ಹಿಂದಿನ ಕೋಣೆಯ ಮುಚ್ಚಿದ ಬಾಗಿಲಿನತ್ತ ಗದ್ದ ಎತ್ತಿ ತೋರಿಸಿ ಹೇಳಿದ, "ಆ ಕೋಣೇನೂ ಈ ಒಲೆ ಮುಂದಿನ ಹಾಗೆ ಬೆಚ್ಚಗಿದ್ದಿದ್ರೆ, ನಾನ್ಯಾಕೆ, ದೋನ್ಯಾ, ದೋಣಿಕಟ್ಟೆಗೆ ಹೋಗಿ ಬೆಳಗಿನ ದೋಣಿವರೆಗೆ ಲಾರೀಲಿ ಮಲಗ್ತಿದ್ದೆ?"

ನಾನು ನಕ್ಕೆ. ಅವನೂ ನಕ್ಕ. ಒರ್ಫೆಲಿನಾ ನಗಲಿಲ್ಲ, ಕೆಟಲ್ಲಿನ ಮುಚ್ಚಳ ಸರಿಮಾಡಿದಳು. ಅವನು ತಮಾಷೆಗೆ ಹೇಳಿದ್ದನ್ನು ಹೊಲಿಗೆಯವಳು ಅಳತೆ ಎಂದು ತೆಗೆದುಕೊಂಡಳೆಂದು ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆಕೆ ಡಿಪೋಗೆ ಬಂದದ್ದು ಸೌದೆಗಲ್ಲ, ಅಲ್ಲೇ ನಾನಿಟ್ಟಿದ್ದ ಮನೆ ಸಾಮಾನಿನ ಅಂಗಡಿಗೆ.

"ಕಿಟಕಿಗೆ ಎರಡನೇ ಗಾಜು ಬೇಕು, ಚೌಕಟ್ಟು ಸಮೇತ. ಮೂರು. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ. ತೆಳು ಹಲಗೆ ಎಷ್ಟಿದೆ ನಿಮ್ಮತ್ರ?"

"ಮದುವೆ ಏನಾದ್ರೂ ಇದೆಯಾ ದೋನ್ಯಾ?"

"ಸೌದೆ ಖರ್ಚು ಇಳಿಸ್ತಿದೀನಿ. ನಿಮ್ಮ ಹೊಟ್ಟೆ ಸ್ವಲ್ಪ ಕರಗಲಿ."

ಎಲ್ಲ ಸೇರಿ ಒಂದು ಲಕ್ಷ ತೊಂಬತ್ತು ಸಾವಿರಕ್ಕೆ ಬಂತು. ಸಂತೋಷದಿಂದ ಕೊಟ್ಟೆ. ನನ್ನ ಕುತ್ತಿಗೆಗೆ ನಾನೇ ಹಗ್ಗ ಮಾರಿದಂತಾಯಿತೆಂದು ತಿಳಿದದ್ದು ಚಳಿಗಾಲದಲ್ಲಿ. ಗೋಡೆಗೆ, ಅಟ್ಟಕ್ಕೆ ತುಂಬುವ ಹತ್ತಿಯಂಥ ಸಾಮಾನು ನನ್ನಲ್ಲಿತ್ತು. ಅದನ್ನು ಮಾತ್ರ ಮುಟ್ಟಲಿಲ್ಲ, ದುಬಾರಿ ಎಂದಳು. ಕುರಿಯ ಉಣ್ಣೆ ಕತ್ತರಿಸುವ ಕಡೆ ಯಾರೂ ಕೇಳದ ಹೊಟ್ಟೆಭಾಗದ ಉಣ್ಣೆಯನ್ನು ಬಿಟ್ಟಿ ತಂದಳು. ತೊಳೆದು, ಹುಳ ಹಿಡಿಯದಂತೆ ಬಿಳಿಗಾರ ಉದುರಿಸಿ ಒಣಗಿಸಿದಳು. ಮೈದಾ ಚೀಲ ಬಿಚ್ಚಿ, ತೊಲೆ ತೊಲೆಯ ನಡುವಿನ ಅಗಲ ಟೇಪಿನಲ್ಲಿ ಅಳೆದು, ಒಂದೊಂದು ಸಂದಿಗೂ ಒಂದೊಂದು ಉದ್ದ ದಿಂಬು ಹೊಲಿದಳು. ಡಿಸೆಂಬರಿನಿಂದ ಮಾರ್ಚಿನವರೆಗೆ, ಬೇಸಿಗೆಯಿಡೀ, ನೂರಾ ಹನ್ನೆರಡು ದಿಂಬು. ಅಟ್ಟ ಹತ್ತಿ ತಾನೇ ಜೋಡಿಸಿದಳು. ಗೋಡೆಯ ದಿಂಬುಗಳ ಮೇಲೆ ತೆಳು ಹಲಗೆ ಹೊಡೆದಳು. ಎಲ್ಲಕ್ಕಿಂತ ದಪ್ಪದ ದಿಂಬುಗಳು ಹೋದದ್ದು ಹಿಂದಿನ ಕೋಣೆಗೆ. ಅಲ್ಲಿಗೊಂದು ಅಗಲದ ಮಂಚವನ್ನೂ ತರಿಸಿದಳು. ಒಬ್ಬಳೇ ಮಲಗುವವಳಿಗೆ ಅಷ್ಟು ಅಗಲ ಯಾಕೆಂದು ಊರಿನವರು ಕೇಳಲಿಲ್ಲ. ಮಂಚ ಮಾರಿದವನೂ ನಾನೇ, ನಾನೂ ಕೇಳಲಿಲ್ಲ.

ಜೂನ್ ಬಂತು, ಹಿಮ ಬಿತ್ತು. ಒರ್ಫೆಲಿನಾ ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಒಲೆ ಉರಿಸುತ್ತಿದ್ದಳು, ಅಷ್ಟೇ. ಮನೆ ಇಡೀ ದಿನ ಬಿಸಿ ಹಿಡಿದಿಟ್ಟುಕೊಳ್ಳುತ್ತಿತ್ತು. ಹದಿನಾಲ್ಕರ ಜಾಗದಲ್ಲಿ ಆರು ಮೀಟರ್ ಸಾಕೆಂದಳು. ನಾನು ಮನಸ್ಸಿನಲ್ಲೇ ಎಂಟನ್ನು ನಲವತ್ತು ಸಾವಿರದಿಂದ ಗುಣಿಸಿ ನಿಟ್ಟುಸಿರಿಟ್ಟೆ.

ಆ ಚಳಿಗಾಲದ ಮೊದಲ ಗುರುವಾರ ಲಾರಿ ಬಂತು, ಗೇಟಿನ ಹತ್ತಿರ ನಿಧಾನವಾಯಿತು, ನಿಲ್ಲದೆ ಹೋಯಿತು. ಎರಡನೆಯ ಗುರುವಾರವೂ ಹಾಗೇ. ಹೊಲಿದ ಬಟ್ಟೆಯ ಗಂಟು ಬಾಗಿಲ ಹಿಂದೆ ಕೂತೇ ಇತ್ತು, ಕರಿದ ರೊಟ್ಟಿ ತಟ್ಟೆಯಲ್ಲೇ ಆರಿತ್ತು. ಮೂರನೆಯ ಗುರುವಾರ ಆಕೆ ಹೊಲಿಗೆ ನಿಲ್ಲಿಸಿ ಹಿತ್ತಲಿಗೆ ಬಟ್ಟೆ ಹರವಲು ಹೋಗಿ ಬರುವಷ್ಟರಲ್ಲಿ ಗೇಟಿನ ಒಳಗೆ ಸಣ್ಣದೊಂದು ಸೌದೆ ರಾಶಿ ಬಿದ್ದಿತ್ತು.

ಮರುದಿನ ಬೆಳಗ್ಗೆಯೇ ಒಂದು ತುಂಡು ಹಿಡಿದು ನನ್ನ ಮುಂದೆ ನಿಂತಳು. ಮುಖ ಕೆಂಪಾಗಿತ್ತು.

"ಯಾರ್ರೀ ಇದನ್ನ ನನ್ನ ಗೇಟಲ್ಲಿ ಸುರಿದೋರು? ನಾನೇನು ಭಿಕ್ಷೆಗೆ ಬಂದಿದೀನಾ?"

ತುಂಡು ನೋಡಿದೆ. ಒಂದು ಗೇಣಿನಷ್ಟು ಗಿಡ್ಡ. ಅಷ್ಟು ಗಿಡ್ಡ ಸೌದೆಯನ್ನು ನಾನು ಕತ್ತರಿಸಿ ಕೊಡುವುದು ಒಬ್ಬನಿಗೇ, ಕೊಯಾಯ್ಕೆಯ ಬಾಡಿಗೆ ಕೋಣೆಯಲ್ಲಿ ಪುಟ್ಟ ಒಲೆ ಇಟ್ಟುಕೊಂಡವನಿಗೆ.

"ಲಿಸಾಂದ್ರೊ."

"ಸುಳ್ಳು. ಅವರು ಮೂರು ವಾರದಿಂದ ನಿಲ್ಲಿಸೇ ಇಲ್ಲ."

"ನಿಮ್ಮ ಒಲೆ ಕೊಳವೇಲಿ ಮಧ್ಯಾಹ್ನ ಹೊಗೆ ಎಲ್ಲಿದೆ ದೋನ್ಯಾ?"

ಆಕೆಗೆ ಅಷ್ಟು ಸಾಕಾಯಿತು. ಹೊಗೆ ಇಲ್ಲದ ಮನೆಯ ಬಾಗಿಲನ್ನು ನಮ್ಮೂರಿನಲ್ಲಿ ಯಾರೂ ತಟ್ಟುವುದಿಲ್ಲ. ಒಂದೋ ಒಳಗೆ ಜನ ಇಲ್ಲ, ಇಲ್ಲವೇ ಜನ ಇದ್ದೂ ಸೌದೆ ಇಲ್ಲ. ಕೋಟು ಹಾಕಿಕೊಂಡು ತಣ್ಣನೆಯ ಒಲೆಯ ಮುಂದೆ ಕೂತವರನ್ನು ನೋಡಿಬಿಟ್ಟರೆ ನೋಡಿದವರಿಗೂ ಕೂತವರಿಗೂ ತಲೆ ಎತ್ತಲಾಗುವುದಿಲ್ಲ. ಹಾಗಾಗಿ ದಾರಿಯಲ್ಲೇ ನಿಂತು ಮಾಡಿನ ಮೇಲೆ ಕಣ್ಣು ಹಾಯಿಸಿ, ಹೊಗೆ ಕಂಡರೆ ಒಳಗೆ, ಇಲ್ಲದಿದ್ದರೆ ಮುಂದಕ್ಕೆ. ಇದನ್ನು ಒರ್ಫೆಲಿನಾ ಹುಟ್ಟಿದಂದಿನಿಂದ ಬಲ್ಲಳು. ನೂರಾ ಹನ್ನೆರಡು ದಿಂಬು ಹೊಲಿಯುವಾಗ ಒಮ್ಮೆಯೂ ನೆನಪಾಗಲಿಲ್ಲ. ಹೊಗೆಯಿಂದಲೇ ಬದುಕುವ ನನಗೂ ಆಗಲಿಲ್ಲ.

"ನನ್ನತ್ರ ಸೌದೆ ಇಲ್ಲ ಅಂದ್ಕೊಂಡ್ರಾ ಅವರು?" ಎಂದಳು, ನನ್ನನ್ನಲ್ಲ, ತುಂಡನ್ನು.

ತುಂಡನ್ನು ತಕ್ಕಡಿಯ ಮೇಲಿಟ್ಟಳು. ಆಮೇಲೆ ಕೇಳಿದಳು, "ಹಸಿ ಸೌದೆ ಇದೆಯಾ?"

ಹನ್ನೊಂದು ವರ್ಷ ಇಲ್ಲವೆಂದು ಆಣೆ ಹಾಕಿದವನು ನಾನು. "ಇದೆ," ಎಂದೆ.

"ಚೆನ್ನಾಗಿ ಹೊಗೆ ಬರೋದು ಕೊಡಿ. ಒಂದು ಚೀಲ."

ಗುರುವಾರ ಎರಡೂವರೆಗೆ ಆಕೆಯ ಕೊಳವೆಯಿಂದ ಎದ್ದ ಹೊಗೆ ನೋಡಿದವರು ಮನೆಗೆ ಬೆಂಕಿ ಬಿತ್ತೆಂದುಕೊಂಡಿರಬೇಕು. ಮೂರಕ್ಕೆ ಲಾರಿ ನಿಂತಿತು.

ಒಳಗೆ ನಡೆದದ್ದನ್ನು ನನಗೆ ಇಬ್ಬರೂ ಹೇಳಿದರು, ಬೇರೆ ಬೇರೆ ದಿನ, ಕೌಂಟರಿನ ಇದೇ ಬದಿಯಲ್ಲಿ ನಿಂತು. ಮಾತು ಒಂದೇ.

ಲಿಸಾಂದ್ರೊ ಒಳಗೆ ಬಂದು ಜಾಕೀಟು ಬಿಚ್ಚಿದ. ಐದು ನಿಮಿಷಕ್ಕೆ ಸ್ವೆಟರನ್ನೂ ಬಿಚ್ಚಿದ. ಕುರ್ಚಿಯನ್ನು ಒಲೆಯಿಂದ ಎಳೆದು ಬಾಗಿಲ ಹತ್ತಿರ ಹಾಕಿಕೊಂಡ.

"ಎಷ್ಟು ಬೆಚ್ಚಗಿದೆ. ನಾನು ಹುಚ್ಚ, ನಿಮಗೆ ಸೌದೆ ಮುಗಿದಿದೆ ಅಂದ್ಕೊಂಡೆ."

"ಹಿಂದಿನ ಕೋಣೇನೂ ಬೆಚ್ಚಗಿದೆ ಈಗ," ಎಂದಳು ಒರ್ಫೆಲಿನಾ. ಆ ಬಾಗಿಲನ್ನು ಬೆಳಗ್ಗೆಯಿಂದಲೇ ತೆರೆದಿಟ್ಟಿದ್ದಳು.

ಅವನು ಬಾಗಿ ಒಳಗೆ ನೋಡಿದ. ಮಂಚ ಕಂಡಿರಬೇಕು. "ಒಳ್ಳೇದಾಯ್ತು," ಎಂದ. "ಇನ್ನು ಬಟ್ಟೆ ಒಣಗಿಸೋಕೆ ತಾಪತ್ರಯ ಇಲ್ಲ."

ಎರಡು ಬುರುಡೆ ಮಾಟೆ ಕುಡಿದ. ಮೂರನೆಯದಕ್ಕೆ ಕೈ ಚಾಚುವ ಮೊದಲೇ ಹಣೆ ಒರೆಸಿಕೊಂಡು "ಥ್ಯಾಂಕ್ಸ್" ಎಂದ. ಬಟ್ಟೆಯ ಗಂಟು ಎತ್ತಿಕೊಂಡು ದೋಣಿಕಟ್ಟೆಯ ದಾರಿ ಹಿಡಿದ.

ನನಗೆ ಇದನ್ನು ಹೇಳುವಾಗ ಲಿಸಾಂದ್ರೊ ಖುಷಿಯಲ್ಲಿದ್ದ. "ಎಂಥಾ ಕೆಲಸಗಾತಿ ನೋಡಿ ದೋನ್ ನೆಮೆಸಿಯೊ. ಇನ್ನು ಆಕೆಗೆ ಯಾರದೂ ಏನೂ ಬೇಕಿಲ್ಲ." ಹಿಂದಿನ ವರ್ಷದ ಅವನ ತಮಾಷೆಯನ್ನು ನೆನಪಿಸೋಣವೆಂದುಕೊಂಡೆ. ಬಾಯಿವರೆಗೆ ಬಂದದ್ದನ್ನು ನುಂಗಿದೆ. ಇನ್ನೊಬ್ಬರ ಸರಕನ್ನು ನಾನು ಕೂಗಿ ಮಾರಬಾರದು.

ಒರ್ಫೆಲಿನಾ ಹೇಳಿದ್ದು ಕಡಿಮೆ. "ಎರಡೇ ಕುಡಿದ್ರು," ಎಂದಳು. ಹೊರಡುವಾಗ ಮತ್ತೆ, "ಎರಡೇ."

ಮುಂದಿನ ಗುರುವಾರ ನಾನು ಆ ದಾರಿಯಲ್ಲಿ ಮೊಳೆ ತಲುಪಿಸಲು ಹೋಗಿದ್ದೆ. ಕೊಳವೆಯಿಂದ ಹೊಗೆ ಸುರುಳಿ ಸುರುಳಿ ಏಳುತ್ತಿತ್ತು. ಮನೆಯ ಮೂರೂ ಕಿಟಕಿ, ನಾನು ಮಾರಿದ ಎರಡನೆಯ ಗಾಜಿನ ಸಮೇತ, ಹಾರುಹೊಡೆದಿದ್ದವು. ಹಿಮದ ಗಾಳಿ ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಡುತ್ತಿತ್ತು. ಒಳಗೆ ಒರ್ಫೆಲಿನಾ ಕೋಟು ತೊಟ್ಟು, ಶಾಲು ಹೊದ್ದು, ರೊಟ್ಟಿ ಕರಿಯುತ್ತಿದ್ದಳು.

"ಆರು ದಿನ ಉಳಿಸಿದ ಬಿಸಿ ಹೋಗ್ತಿದೆಯಲ್ಲ ದೋನ್ಯಾ," ಎಂದೆ ಹೊರಗಿನಿಂದ.

"ಎರಡೂಮುಕ್ಕಾಲಿಗೆ ಮುಚ್ತೀನಿ," ಎಂದಳು ತಿರುಗಿ ನೋಡದೆ.

ಆ ದಿನ ಅವನು ಕುರ್ಚಿಯನ್ನು ಒಲೆಯ ಮುಂದಕ್ಕೆ ಎಳೆದುಕೊಂಡನಂತೆ. ಆರು ಬುರುಡೆ ಕುಡಿದನಂತೆ. ಆಮೇಲೆ ಥ್ಯಾಂಕ್ಸ್ ಎಂದನಂತೆ.

ಈಗ ಆಕೆ ಪ್ರತಿ ಬುಧವಾರ ಒಂದು ಚೀಲ ಹಸಿ ಸೌದೆಗೆ ಬರುತ್ತಾಳೆ. ಉಳಿದ ಆರು ದಿನ ಆ ಕೊಳವೆ ಬೆಳಗ್ಗೆ ಸಂಜೆ ಒಂದಿಷ್ಟು ಉಸಿರು ಬಿಟ್ಟು ಸುಮ್ಮನಿರುತ್ತದೆ. ಬೆಚ್ಚಗಿನ ಮನೆಯಲ್ಲಿ ಮಿಷನ್ ಓಡುತ್ತದೆ, ಯಾರೂ ಬಾಗಿಲು ತಟ್ಟುವುದಿಲ್ಲ. ಆ ಅಗಲದ ಮಂಚದ ಮೇಲೆ ಹಳ್ಳಿಯವರ ಪ್ಯಾಂಟುಗಳು ಮಡಿಸಿ ಜೋಡಿಸಿರುತ್ತವೆ. ಆಕೆ ಇಂದಿಗೂ ಬೆಂಚಿನ ಮೇಲೇ ಮಲಗುತ್ತಾಳೆ.

ನಿನ್ನೆ ಬುಧವಾರ. ರಾಶಿಯಿಂದ ಎರಡು ತುಂಡು ಎತ್ತಿಕೊಂಡು, ಒಂದಕ್ಕೊಂದು ಬಡಿದು, ಹಳೆಯ ಅಭ್ಯಾಸದಂತೆ ಕಿವಿಗೊಟ್ಟಳು. ಮೊದಲ ಜೋಡಿ ಠಣ್ ಎಂದಿತು. ಪಕ್ಕಕ್ಕಿಟ್ಟಳು. ಎರಡನೆಯದು ದಬ್ ಎಂದಿತು.

"ಇದು ಸರಿ ಇದೆ," ಎಂದು ಚೀಲಕ್ಕೆ ಹಾಕಿದಳು.