ಗುರುಮಲ್ಲಮ್ಮನ ಮೊಳ

ಆ ಸೋಮವಾರ ಹರದನಹಳ್ಳಿಯ ಭಜನೆ ಮನೆಯಲ್ಲಿ ಮಂಗಳಾರತಿ ಮುಗಿದು ಎಲ್ಲರೂ ಎದ್ದರು. ಗುರುಮಲ್ಲಮ್ಮ ಮಾತ್ರ ಏಳಲಿಲ್ಲ. ಎದುರಿಗಿದ್ದ ಹಾರ್ಮೋನಿಯಂ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ ನೆಲಕ್ಕೆ ಕೈಯೂರಿದಳು. ಮಂಡಿ ಮೇಲಕ್ಕೆ ಬರಲಿಲ್ಲ. ಕಡೆಗೆ ಸೊಸೆ ಭಾನು ಒಂದು ಕಡೆ, ಇನ್ನೊಬ್ಬಳು ಇನ್ನೊಂದು ಕಡೆ ಕಂಕುಳಿಗೆ ಕೈಕೊಟ್ಟು ಎತ್ತಬೇಕಾಯಿತು.

“ಮುಂದ್ಲವಾರಕ್ಕೆ ಕ್ರೇನ್ ತರುಸ್ಬೇಕು ಕಣವ್ವ” ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಗುರುಮಲ್ಲಮ್ಮನೂ ನಕ್ಕಳು. ನಗದೇ ಇದ್ದವಳು ಭಜನೆ ಸಂಘಕ್ಕೆಲ್ಲ ಹಿರಿಯಳಾದ ದೊಡ್ಡಮಾದಮ್ಮ.

“ನಗೋ ಮಾತಲ್ಲ. ಗುರುಮಲ್ಲಿ, ಇನ್ಮ್ಯಾಕೆ ನೀನು ಗೋಡೆಗೊರಗಿ ಕಾಲು ನೀಡ್ಕಂಡು ತಾಳ ತಟ್ಟು, ಸಾಕು. ಪೆಟ್ಟಿಗೆ ನುಡ್ಸಕೆ ಕುದೇರಿನ ಮೇಷ್ಟ್ರ ಕರ್ಸನ. ಬರೋ ತಿಂಗ್ಳಿಂದ ಬರ್ಲಿ.”

ಗುರುಮಲ್ಲಮ್ಮನ ನಗು ಅಲ್ಲಿಗೆ ನಿಂತಿತು.

ಊರಿನ ಗಂಡಸರ ಭಜನೆಯಲ್ಲಿ ಹೆಂಗಸರು ಬಾಗಿಲಾಚೆ ಕೂತು ಕೇಳುವುದಷ್ಟೇ ಇತ್ತು. ಅದು ಸಾಕಾಗಿ ಗುರುಮಲ್ಲಮ್ಮನೇ ಮನೆಮನೆಗೆ ಹೋಗಿ ಹೆಂಗಸರನ್ನು ಸೇರಿಸಿ ಈ ಸೋಮವಾರದ ಭಜನೆ ಹೂಡಿದ್ದಳು. ಅವಳ ಅಪ್ಪ ನಾಟಕಕ್ಕೆ ಪೆಟ್ಟಿಗೆ ನುಡಿಸುತ್ತಿದ್ದವನು. ಮಗಳಿಗೆ ಕಲಿಸಿದವನಲ್ಲ. ಕೈ ಸೋತಾಗ ಗಾಳಿ ತುಂಬುವ ತಿದಿ ಒತ್ತಲು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ, ಅಷ್ಟೆ. ತಿದಿ ಒತ್ತುತ್ತಾ ಅವಳು ಅಪ್ಪನ ಬಲಗೈ ಬೆರಳುಗಳನ್ನೇ ನೋಡುತ್ತಿದ್ದಳು. ವಿದ್ಯೆ ಬಂದದ್ದು ಹಾಗೆ. ಆಮೇಲೆ ಅಂಗನವಾಡಿಯ ಕೆಲಸ ಸಿಕ್ಕಿತು. ಮಕ್ಕಳ ಜೊತೆ ನೆಲದ ಮೇಲೆ ಕೂತು, ಎದ್ದು, ಕೂತು, ಹಾಡಿಸಿ, ಉಣ್ಣಿಸಿ ನಿವೃತ್ತಿಯಾಗುವ ಹೊತ್ತಿಗೆ ಮಂಡಿ ಸವೆದಿತ್ತು.

“ಮಂಡಿ ಮಡಿಸೋ ಹಾಗಿಲ್ಲ. ಕುರ್ಚಿ ಮೇಲೆ ಕೂತ್ಕೊಳ್ಳಿ” ಎಂದು ಚಾಮರಾಜನಗರದ ಡಾಕ್ಟರು ಹೇಳಿದ್ದರು. ತಾನು ಕುರ್ಚಿಯ ಮೇಲೆ ಕೂತರೆ ಪೆಟ್ಟಿಗೆಯೂ ಮೇಲಕ್ಕೆ ಬರಬೇಕಲ್ಲ ಎಂಬ ಯೋಚನೆ ಅವಳಿಗೆ ಆ ಸೋಮವಾರ ರಾತ್ರಿ ಶುರುವಾಯಿತು.

ಮರುದಿನವೇ ಪೆಟ್ಟಿಗೆಯನ್ನು ಭಾನುವಿನ ಹೊಲಿಗೆ ಮಿಷನ್ನಿನ ಮೇಲೆ ಇಟ್ಟು ನೋಡಿದಳು. ಮೊಣಕೈ ಭುಜದ ಮಟ್ಟಕ್ಕೆ ಏರಿ, ಒಂದು ಹಾಡು ಮುಗಿಯುವುದರೊಳಗೆ ತೋಳು ಸೋತುಹೋಯಿತು. ಸ್ಟೂಲು ಅಗಲ ಸಾಲದೆ ಒಂದು ಕಡೆಗೆ ವಾಲಿತು. ತೊಡೆಯ ಮೇಲೆ ಇಟ್ಟುಕೊಂಡರೆ ಭಾರಕ್ಕೆ ಮಂಡಿ ಚುರುಕ್ ಎಂದಿತು.

“ಅತ್ತೆ, ಮೇಷ್ಟ್ರೇ ಬರ್ಲಿ ಬುಡಿ” ಎಂದಳು ಭಾನು.

“ಅವ್ರು ಬಂದು ಅವ್ರ ಗಂಡು ಶ್ರುತೀಲಿ ಹಿಡುದ್ರೆ ನಿಮ್ಮ ಗಂಟ್ಲು ಕಿತ್ತೋಯ್ತದೆ. ಸ್ಟ್ಯಾಂಡ್ ಮಾಡುಸ್ತೀನಿ” ಎಂದಳು ಗುರುಮಲ್ಲಮ್ಮ.

ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ವೆಲ್ಡಿಂಗ್ ಅಂಗಡಿಯ ಮಾದೇವನ ಮುಂದೆ ನಿಂತಳು. “ಪೆಟ್ಟಿಗೆ ಇಡೋಕೆ ಒಂದು ಸ್ಟ್ಯಾಂಡ್ ಬೇಕು ಕಣಪ್ಪ. ನನ್ನ ಸೊಂಟದ ಮಟ್ಟಕ್ಕಿರ್ಲಿ.” ಮಾದೇವ ಅವಳನ್ನು ನೇರ ನಿಲ್ಲಿಸಿ, ನೆಲದಿಂದ ಸೊಂಟಕ್ಕೆ ಟೇಪು ಹಿಡಿದು ಬರೆದುಕೊಂಡ. ಅವಳು ಹೇಳಿದ್ದು ಕೂತ ಸೊಂಟ, ಅವನು ಅಳೆದದ್ದು ನಿಂತ ಸೊಂಟ. ಇಬ್ಬರಿಗೂ ಅದು ಹೊಳೆಯಲಿಲ್ಲ.

ಸ್ಟ್ಯಾಂಡು ಬಸ್ಸಿನ ಟಾಪಿನ ಮೇಲೆ ಕೂತು ಹರದನಹಳ್ಳಿಗೆ ಬಂತು. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಪೆಟ್ಟಿಗೆ ಅವಳ ಮೂಗಿನ ನೇರಕ್ಕಿತ್ತು. ನೀರಿಗೆ ಹೊರಟ ಹೆಂಗಸರು ಜಗಲಿಯ ಹತ್ತಿರ ನಿಂತು ನೋಡಿದರು.

“ಇದೇನಕ್ಕ, ಪೆಟ್ಟಿಗೇನ ಬಾರುಸ್ತಿದ್ದೀಯಾ, ಇಲ್ಲಾ ಅಟ್ಟದ ಮ್ಯಾಲಿಂದ ಇಳುಸ್ತಿದ್ದೀಯಾ?”

ಗುರುಮಲ್ಲಮ್ಮ ಸೊಸೆಯನ್ನು ಕೂಗಿ ಕರೆದಳು. ಸ್ಟ್ಯಾಂಡನ್ನು ಅಂಗಳಕ್ಕೆ ಎಳೆಸಿ ಅದರ ಮೇಲೆ ಕನಕಾಂಬರದ ಕುಂಡ ಇಡಿಸಿದಳು. ಇನ್ನೊಂದು ಮಾಡಿಸಬೇಕು, ಆದರೆ ಎಷ್ಟು ಎತ್ತರಕ್ಕೆ ಎಂದು ಮಾತ್ರ ತಿಳಿಯಲಿಲ್ಲ.

ಅದು ತಿಳಿದದ್ದು ಗುಂಡ್ಲುಪೇಟೆಯಲ್ಲಿ. ಜೊತೆಯಲ್ಲೇ ಅಂಗನವಾಡಿ ಟ್ರೈನಿಂಗ್ ಮಾಡಿದ್ದ ಗೆಳತಿ ಚಿಕ್ಕನಿಂಗಮ್ಮನ ಮಗಳ ಸೀಮಂತಕ್ಕೆ ಹೋಗಿದ್ದಳು. ಊಟವಾದ ಮೇಲೆ ಗೆಳತಿ ತನ್ನ ಅಂಗನವಾಡಿ ತೋರಿಸಲು ಕರೆದುಕೊಂಡು ಹೋದಳು. ಕುರ್ಚಿ ಹಾಕಿಸಿ ಕೂರಿಸಿ, ಅವಳ ಮುಂದೆ ಮಕ್ಕಳ ಗಿಡ್ಡ ಮೇಜು ಎಳೆದು ಟೀ ಲೋಟ ಇಟ್ಟಳು. ಗುರುಮಲ್ಲಮ್ಮ ಟೀ ಮುಟ್ಟಲಿಲ್ಲ. ಮಂಡಿ ಮಡಿಸದೆ ಕಾಲನ್ನು ಮೇಜಿನಡಿ ಚಾಚಿದಳು. ಎಡಗೈಯಲ್ಲಿ ಇಲ್ಲದ ತಿದಿ ಒತ್ತುತ್ತಾ ಬಲಗೈ ಬೆರಳುಗಳನ್ನು ಪೆಟ್ಟಿಗೆಯ ಸ್ವರದ ಮನೆಗಳಿರುವ ಎತ್ತರದಲ್ಲಿ ಗಾಳಿಯಲ್ಲೇ ಆಡಿಸಿದಳು. ತೋಳು ಎಲ್ಲೂ ಎಳೆಯಲಿಲ್ಲ.

“ಏನ್ ಟೀಚರಮ್ಮ, ಟೀಗೆ ಮಂತ್ರ ಹಾಕ್ತಿದ್ದೀಯಾ?”

“ಸುಮ್ನಿರು” ಎಂದು ಗುರುಮಲ್ಲಮ್ಮ ಬಗ್ಗಿ, ನೆಲಕ್ಕೆ ಬೆರಳ ತುದಿ ಊರಿ ಮೇಜಿನ ಕಾಲಿನುದ್ದಕ್ಕೂ ಕೈ ಹಿಡಿದಳು. ಮೊಣಕೈ ಸರಿಯಾಗಿ ಹಲಗೆಗೆ ತಾಗಿತು. “ಒಂದು ಮೊಳ! ಅಳತೆ ನನ್ ಕೈಯಲ್ಲೇ ಇತ್ತಲ್ಲೇ!”

ಮರುದಿನ ಮತ್ತೆ ಮಾದೇವನ ಅಂಗಡಿ. “ಒಂದು ಮೊಳ ಎತ್ರ. ಮುಂದ್ಗಡೆ ಅಡ್ಡಪಟ್ಟಿ ಬ್ಯಾಡ, ಕಾಲು ಚಾಚ್ಬೇಕು.”

ಮಾದೇವ ತನ್ನ ಉದ್ದನೆಯ ತೋಳು ಚಾಚಿದ. ಅವಳು ಅದನ್ನು ಪಕ್ಕಕ್ಕೆ ತಳ್ಳಿದಳು. “ನನ್ ಮೊಳಕ್ಕಪ್ಪ, ನಿನ್ ಮೊಳಕ್ಕಲ್ಲ. ಒಂದ್ಸಾರಿ ಸೊಂಟದಲ್ಲಿ ಕೆಡಿಸ್ದೆ, ಈಗ ಕೈಯಲ್ಲಿ ಕೆಡುಸ್ಬ್ಯಾಡ.” ಕಬ್ಬಿಣ ಕೊಯ್ದು, ಕೂಡಿಸಿ, ಬಣ್ಣ ಬಳಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಮುಂದಿನ ಸೋಮವಾರ ಎಲ್ಲರಿಗಿಂತ ಮೊದಲೇ ಭಜನೆ ಮನೆಗೆ ಹೋಗಿ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಇರಿಸಿ, ಕುರ್ಚಿಯಲ್ಲಿ ಕೂತಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಚಾಪೆಯ ಮೇಲೆ ಕೂತರು. ದೊಡ್ಡಮಾದಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು.

“ಅಲ್ಲ ಕಣೇ, ಮಾದಪ್ಪ ಕೆಳ್ಗೆ, ನೀನು ಮ್ಯಾಲಾ?”

ಎಲ್ಲರ ಕಣ್ಣೂ ದೇವರ ಕಡೆ ತಿರುಗಿತು. ನೆಲದ ಮೇಲೊಂದು ಮಣೆ, ಮಣೆಯ ಮೇಲೆ ಮಾದಪ್ಪನ ಪಟ. ಗುರುಮಲ್ಲಮ್ಮನ ಕಾಲು ಚಾಚಿದ್ದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ. ಅವಳ ಮುಖ ಸಪ್ಪಗಾಯಿತು. ಪೆಟ್ಟಿಗೆಯ ಎತ್ತರಕ್ಕಾಗಿ ಊರೂರು ಸುತ್ತಿದವಳು ದೇವರ ಎತ್ತರ ಮರೆತಿದ್ದಳು.

“ನಿನ್ನಾಸೆ ಗೊತ್ತು ಕಣವ್ವ” ಎಂದಳು ದೊಡ್ಡಮಾದಮ್ಮ, ದನಿ ತಗ್ಗಿಸಿ. “ಆದ್ರೂ ದೇವ್ರ ಮುಂದೆ ಕುರ್ಚಿ ಆಗಾಕಿಲ್ಲ. ಮೇಷ್ಟ್ರಿಗೇ ಹೇಳ್ಬುಡನ.”

ಗುರುಮಲ್ಲಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಮಣೆ ನೋಡಿದಳು, ತನ್ನ ಕುರ್ಚಿ ನೋಡಿದಳು, ಆಮೇಲೆ ಸೊಸೆಯನ್ನು ಕರೆದಳು. “ಭಾನು, ಮನೆಗೋಗು. ಆ ಕನಕಾಂಬರದ ಕುಂಡ ಕೆಳಗಿಳಿಸಿ, ಸ್ಟ್ಯಾಂಡ್ ತೊಳ್ದು ತಕ್ಕಂಬಾ. ಹಂಗೇ ನನ್ನ ಕೆಂಪು ರೇಷ್ಮೆ ವಸ್ತ್ರಾನೂ ತಾ.”

ನಿಂತ ಸೊಂಟದ ಸ್ಟ್ಯಾಂಡು ನೀರು ತೊಟ್ಟಿಕ್ಕಿಸುತ್ತಾ ಬಂತು. ಗುರುಮಲ್ಲಮ್ಮ ಪೆಟ್ಟಿಗೆ ಹಿಡಿದು ಮೆಲ್ಲಗೆ ಎದ್ದು, ಸ್ಟ್ಯಾಂಡನ್ನು ಒರೆಸಿ ರೇಷ್ಮೆ ವಸ್ತ್ರ ಹಾಸಿದಳು. ಪಟವನ್ನು ಎರಡೂ ಕೈಯಲ್ಲಿ ಎತ್ತಿ ಅದರ ಮೇಲೆ ಇಟ್ಟಳು. ಕಾಲು ದೇವರ ಕಡೆ ಚಾಚದಂತೆ ಕುರ್ಚಿಯನ್ನೂ ಪೆಟ್ಟಿಗೆಯನ್ನೂ ಪಕ್ಕದ ಗೋಡೆಯ ಕಡೆಗೆ ತಿರುಗಿಸಿಕೊಂಡು ಕೂತಳು. ಈಗ ಅವಳು ತಲೆ ಎತ್ತಿಯೇ ಮಾದಪ್ಪನನ್ನು ನೋಡಬೇಕಿತ್ತು.

“ಅಯ್ಯೋ ಶಿವ್ನೇ, ಇವತ್ತು ಹಿಂದೆ ಕೂತೋರ್ಗೂ ಮಾದಪ್ಪ ಕಾಣ್ತಾವ್ನೆ!” ಎಂದಿತು ಕ್ರೇನಿನ ಮಾತಾಡಿದ್ದ ಅದೇ ದನಿ.

ದೊಡ್ಡಮಾದಮ್ಮ ಹೊಸ್ತಿಲು ದಾಟಿ ಮುಂದೆ ಬಂದಳು. ಪಟಕ್ಕೆ ಹೂ ಮುಡಿಸಲು ವಾರವಾರವೂ ಅವಳು ಸೊಂಟ ಹಿಡಿದುಕೊಂಡು ಬಗ್ಗಿ, ಇನ್ನೊಬ್ಬರ ಭುಜ ಹಿಡಿದು ಏಳುತ್ತಿದ್ದಳು. ಇಂದು ನೆಟ್ಟಗೆ ನಿಂತೇ ಹೂ ಮುಡಿಸಿದಳು. ಮುಡಿಸಿದ ಮೇಲೂ ಒಂದು ಗಳಿಗೆ ಅಲ್ಲೇ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿ ನೋವಿರಲಿಲ್ಲ.

“ಕುದೇರಿಗೆ ಫೋನ್ ಮಾಡ್ಸಿ” ಎಂದಳು ತಿರುಗದೆಯೇ. “ಮೇಷ್ಟ್ರು ಬರೋದ್ ಬ್ಯಾಡ ಅಂತ.” ಆಮೇಲೆ ಗುರುಮಲ್ಲಮ್ಮನ ಕಡೆ ಕಣ್ಣು ಬಿಟ್ಟಳು. “ಏನ್ ನೋಡ್ತಾ ಕೂತಿದ್ದೀಯೇ? ಶ್ರುತಿ ಹಿಡಿ.”

ಗುರುಮಲ್ಲಮ್ಮ ಕಾಲು ಚಾಚಿ ತಿದಿ ಒತ್ತಿದಳು.